ಒತ್ತಿ ಹಿಡಿದ ಕೈ

ತಾಳಿದವರು ಬಾಳುತ್ತಾರೆಂದು ನಮಗೆಲ್ಲ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ತಾಳುವುದು ಯಾವಾಗಲೂ ಗುಣವೇ ಎಂಬ ಪ್ರಶ್ನೆ ನನ್ನಲ್ಲಿ ಎದ್ದದ್ದು ಮಾತ್ರ ಒಂದು ಹಳೆಯ ಗಾಡಿಯ ಮುಂಚಕ್ರದಿಂದ.

ಅಮೆರಿಕದಲ್ಲಿರುವ ನನ್ನ ಅಣ್ಣನ ಮಗ 1976ರ ಜಿಎಂಸಿ ಮೋಟರ್‌ಹೋಮ್ ಒಂದನ್ನು ಇಟ್ಟುಕೊಂಡಿದ್ದಾನೆ. ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಒಳಗೇ ಇರುವ ಚಕ್ರದ ಮೇಲಿನ ಮನೆ ಅದು. ಜನರಲ್ ಮೋಟರ್ಸ್ ಕಂಪನಿಯಿಂದ ಇದು ಬಂದದ್ದು 1973ರಿಂದ 1978ರ ಮಾದರಿಗಳವರೆಗೆ ಮಾತ್ರ. ಓಲ್ಡ್ಸ್‌ಮೊಬೀಲ್ ಟೊರೊನಾಡೊ ಕಾರಿನ ಎಂಜಿನ್ನನ್ನೂ ಮುಂಚಕ್ರಗಳನ್ನು ತಿರುಗಿಸುವ ಅದರ ಏರ್ಪಾಟನ್ನೂ ಇದಕ್ಕೆ ಜೋಡಿಸಿದ್ದರು. ಚಕ್ರಗಳು ಆರಿದ್ದರೂ ಮನೆಯನ್ನು ಎಳೆಯುವುದು, ದಾರಿ ತಿರುಗಿಸುವುದು ಎರಡೂ ಮುಂದಿನ ಎರಡರ ಪಾಲಿಗೇ.

ಈ ಚಕ್ರಗಳ ಕೋನ ತಪ್ಪಿ ಗಾಡಿ ಒಂದು ಪಕ್ಕಕ್ಕೆ ಎಳೆದರೆ, ಓಡಿಸುವವರ ಕೈ ತಾನಾಗಿಯೇ ಸ್ಟಿಯರಿಂಗನ್ನು ಇನ್ನೊಂದು ಪಕ್ಕಕ್ಕೆ ಒತ್ತಿ ಹಿಡಿಯುತ್ತದೆ. ಗಾಡಿ ನೇರವಾಗಿಯೇ ಹೋಗುತ್ತದೆ. ಒಳಗೆ ಕೂತವರಿಗೆ ಏನೂ ತಿಳಿಯುವುದಿಲ್ಲ. ಕೆಲವು ದಿನಕ್ಕೆ ಕೈಗೂ ರೂಢಿಯಾಗಿಬಿಡುತ್ತದೆ. ಟೈರು ಮಾತ್ರ ಒಂದು ಅಂಚಿನಲ್ಲಿ ಸವೆಯುತ್ತಲೇ ಇರುತ್ತದೆ.

ನಮ್ಮ ಎಷ್ಟೋ ಮನೆಗಳು ನೇರವಾಗಿ ನಡೆಯುವುದೂ ಹೀಗೆಯೇ ಅಲ್ಲವೆ? ಒಬ್ಬ ಸೊಸೆಯೋ, ದುಡಿಯುವ ಹಿರಿಮಗಳೋ ಹಗಲಿರುಳು ಒತ್ತಿ ಹಿಡಿದಿರುತ್ತಾಳೆ. 'ಎಷ್ಟು ಚೆನ್ನಾಗಿ ತೂಗಿಸಿಕೊಂಡು ಹೋಗುತ್ತಾಳೆ' ಎಂದು ನೆಂಟರಿಷ್ಟರು ಹೊಗಳುತ್ತಾರೆ. ಎಳೆತ ಎಲ್ಲಿಂದ ಬಂತೆಂದು ವಿಚಾರಿಸುವ ಕಷ್ಟ ಆ ಹೊಗಳಿಕೆಯಿಂದ ಎಲ್ಲರಿಗೂ ತಪ್ಪುತ್ತದೆ.

ಹಾಗೆಂದು ಕಂಡವರನ್ನು ದೂರುವುದೂ ನ್ಯಾಯವಲ್ಲ. ಅಲೈನ್‌ಮೆಂಟ್ ಮಾಡುವವರ ಕ್ರಮ ನನಗೆ ಹಿಡಿಸಿದ್ದು ಇಲ್ಲಿಯೇ. ಬೋಲ್ಟಿಗೆ ಕೈಹಾಕುವ ಮೊದಲು ಅವರು ಟೈರಿನ ಗಾಳಿ ನೋಡುತ್ತಾರೆ. ಮಳೆನೀರು ಹರಿಯಲೆಂದು ರಸ್ತೆಯನ್ನು ಅಂಚಿಗೆ ಇಳಿಜಾರು ಮಾಡಿರುತ್ತಾರೆ. ಎಳೆತ ಅದರದೂ ಇರಬಹುದು. ಮುಂದಿನ ಎರಡು ಟೈರುಗಳನ್ನು ಅದಲುಬದಲು ಮಾಡಿದಾಗ ಎಳೆತ ದಿಕ್ಕು ಬದಲಿಸಿದರೆ ದೋಷ ಟೈರಿನದು. ಕೀಲುಗಳು ಸವೆದಿದ್ದರೆ ಬೇರೆ ಹಾಕಬೇಕು. ಆಮೇಲೆ ಗಾಡಿ ನಿಂತ ಎತ್ತರ ಅಳೆಯಬೇಕು. ಹಿಂದಿನ ಗಾಳಿಚೀಲ ಕುಸಿದಿದ್ದರೂ ಮುಂಚಕ್ರದ ಕೋನ ಕೆಡುತ್ತದೆ. ಇಷ್ಟಾದ ಮೇಲೆ ಕ್ಯಾಸ್ಟರ್, ಕ್ಯಾಂಬರ್ ಎಂಬ ವಾಲಿಕೆಗಳ ಸರದಿ. ಎರಡು ಚಕ್ರಗಳ ಮೂತಿ ಒಳಗೋ ಹೊರಗೋ ಎಂದು ನೋಡುವ 'ಟೋ' ಕಟ್ಟಕಡೆಗೆ. ಅದನ್ನು ಮೊದಲೇ ತಿದ್ದಿದರೆ ಉಳಿದ ತಿದ್ದುಪಡಿಗಳು ಮತ್ತೆ ಕೆಡಿಸುತ್ತವೆ.

ಇನ್ನೊಂದು ಮಾತುಂಟು. ಪ್ರಯಾಣದಲ್ಲಿ ಇರುವಷ್ಟೇ ಭಾರ ತುಂಬಿ ಅಳೆದರೆ ಒಳ್ಳೆಯದು. ಖಾಲಿ ಗಾಡಿಗೆ ನೇರವಾದದ್ದು ತುಂಬಿದ ಗಾಡಿಗೆ ನೇರವಾಗಿರಬೇಕೆಂದಿಲ್ಲ. ಹೊರೆ ಹೊರದವರು ಹೊತ್ತವರಿಗೆ ಹೇಳುವ ಬುದ್ಧಿಮಾತು ಹಲವು ಸಲ ಹೊಂದದಿರುವುದು ಇದಕ್ಕೇ ಇರಬೇಕು.

ತಾಳ್ಮೆ ಬೇಡವೆಂದು ನಾನು ಹೇಳುವುದಿಲ್ಲ. ನಡುದಾರಿಯಲ್ಲಿ ಗಾಡಿ ಎಳೆದರೆ ಗ್ಯಾರೇಜು ಸಿಗುವವರೆಗೆ ಒತ್ತಿ ಹಿಡಿಯಲೇಬೇಕು; ಆ ಹಿಡಿತಕ್ಕೆ ನನ್ನ ನಮಸ್ಕಾರ. ಗ್ಯಾರೇಜು ಸಿಕ್ಕಮೇಲೂ ನಿಲ್ಲಿಸದೆ ಮುಂದೆ ಹೋಗುವುದನ್ನು ಮಾತ್ರ ತಾಳ್ಮೆ ಎನ್ನಲಾರೆ. ನಿಲ್ಲಿಸುವ ಹೊಣೆಯೂ ಹಿಡಿದವಳೊಬ್ಬಳದೇ ಅಲ್ಲ. ಹಿಂದೆ ಹಾಯಾಗಿ ಕೂತವರು 'ಕೈ ನೋಯುತ್ತಿದೆಯೇ?' ಎಂದು ಒಮ್ಮೆಯಾದರೂ ಕೇಳಬೇಕು. ಗಾಡಿ ನೇರವಾಗಿ ಹೋಗುತ್ತಿರುವಾಗಲೇ ಕೇಳಬೇಕು.