ಶರಣು ಬಂದವರು

ಚಕ್ಕಡಿ ಹೂಡಿಕೊಂಡು ಉಳವಿಯ ಜಾತ್ರೆಗೆ ಹೋಗಿಬಂದವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಆ ದಟ್ಟಡವಿಗೆ ಚೆನ್ನಬಸವಣ್ಣನವರು ಬಂದುದೇಕೆ? ಕಲ್ಯಾಣದಲ್ಲಿ ವಿಪ್ಲವವಾದಾಗ, ಬೆನ್ನಟ್ಟಿದ ಸೈನ್ಯದಿಂದ ವಚನದ ಕಟ್ಟುಗಳನ್ನೂ ಪ್ರಾಣವನ್ನೂ ಉಳಿಸಿಕೊಳ್ಳಲು ಶರಣರು ಅಲ್ಲಿಗೆ ನಡೆದರೆಂಬುದು ನಮ್ಮ ಪರಂಪರೆಯ ನಂಬಿಕೆ. ಇಂದಿನ ಕಾಯಿದೆಯ ಮಾತಿನಲ್ಲಿ ಅವರನ್ನು ನಿರಾಶ್ರಿತರೆಂದೇ ಕರೆಯಬೇಕಾಗುತ್ತದೆ.

ಅದೇ ಜಿಲ್ಲೆಯ ಮುಂಡಗೋಡದಲ್ಲಿ 1966ರಿಂದ ಟಿಬೆಟ್ಟಿನ ನಿರಾಶ್ರಿತರು ನೆಲಸಿದ್ದಾರೆ. ‘ಸರ್ಕಾರದ ಅನ್ನ ಉಂಡು ಸುಖವಾಗಿದ್ದಾರೆ’ ಎಂಬ ಮಾತನ್ನು ವಿಭೂತಿ ಧರಿಸಿದವರ ಬಾಯಲ್ಲಿಯೂ ಕೇಳಿದ್ದೇನೆ, ಕೇಳಿ ನೊಂದಿದ್ದೇನೆ. 1959ರಲ್ಲಿ ದಲಾಯಿ ಲಾಮಾ ಅವರು ಗಡಿ ದಾಟಿದ ಮೇಲೆ ಸಾವಿರಾರು ಜನ ಅವರನ್ನು ಹಿಂಬಾಲಿಸಿದರು. ಅವರಲ್ಲಿ ಅನೇಕರು ಮೊದಲು ಹಿಮಾಲಯದ ರಸ್ತೆಗಳಲ್ಲಿ ಕಲ್ಲು ಒಡೆದರು. 1960ರ ದಶಕದ ಆರಂಭದಲ್ಲಿ ಮೈಸೂರು ರಾಜ್ಯವು ಬೈಲುಕುಪ್ಪೆಯಲ್ಲಿ ಕಾಡುಭೂಮಿಯನ್ನು ಕೊಟ್ಟಿತು. ಚಳಿಯ ನಾಡಿನವರು ಡೇರೆಗಳಲ್ಲಿ ಮಲಗಿ, ನಮ್ಮ ಸೆಕೆಯನ್ನು ಸಹಿಸಿ, ಕಾಡು ಕಡಿದು, ಆನೆಗಳ ಹಾವಳಿಯ ನಡುವೆ ಮುಸುಕಿನ ಜೋಳ ಬೆಳೆದರು. ಚಳಿಗಾಲದಲ್ಲಿ ನಗರಗಳ ಬೀದಿಬದಿಯಲ್ಲಿ ಕುಳಿತು ಸ್ವೆಟರು ಮಾರಿದರು. ಇದು ಕಾಯಕವಲ್ಲದಿದ್ದರೆ ಕಾಯಕವೆಂಬುದು ಮತ್ತಾವುದು? ಕೊಟ್ಟ ಭೂಮಿಯೂ ಗೇಣಿಯದೇ ಹೊರತು ಅವರ ಸ್ವಂತದ್ದಲ್ಲ.

ಬಂದವರು ಮರಳಿ ಹೋಗುವುದಿಲ್ಲವೆಂಬ ಶಂಕೆಯೊಂದುಂಟು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಭಾರತಕ್ಕೆ ಬಂದರು. ಬಾಂಗ್ಲಾದೇಶ ಉದಯಿಸಿದೊಡನೆ, 1972ರಲ್ಲಿ, ಅವರಲ್ಲಿ ಬಹುತೇಕರು ತಮ್ಮ ಸುಟ್ಟ ಮನೆಗಳಿಗೇ ಹಿಂದಿರುಗಿದರು. ಭಯ ನೀಗಿದರೆ ಮನುಷ್ಯನಿಗೆ ತನ್ನೂರೇ ಬೇಕು.

ಕಾಗದಪತ್ರವಿಲ್ಲದವನು ಕಳ್ಳನೆಂಬ ಭಾವನೆಯಂತೂ ವಿದ್ಯಾವಂತರಲ್ಲಿಯೇ ಹೆಚ್ಚು. ಕೊಲ್ಲಬಂದ ಸರ್ಕಾರದ ಬಳಿಯೇ ಹೋಗಿ ರಹದಾರಿ ಬೇಡುವುದುಂಟೆ? ನೇರವಾಗಿ ಬಂದು, ತಡಮಾಡದೆ ಅಧಿಕಾರಿಗಳ ಮುಂದೆ ನಿಂತು ಕಾರಣ ಹೇಳಿದವನನ್ನು ಗಡಿ ದಾಟಿದ ತಪ್ಪಿಗಾಗಿ ದಂಡಿಸಬಾರದೆಂದು 1951ರ ಅಂತರರಾಷ್ಟ್ರೀಯ ಒಡಂಬಡಿಕೆ ಹೇಳುತ್ತದೆ. ಭಾರತ ಅದಕ್ಕೆ ಸಹಿ ಹಾಕಿಲ್ಲ. ಹಾಕದೆಯೂ ಆಶ್ರಯ ಕೊಟ್ಟಿದೆ. ಕೊಟ್ಟದ್ದು ಹಕ್ಕಾಗಿರದೆ ದಾಕ್ಷಿಣ್ಯವಾಗಿಯೇ ಉಳಿದಿದೆ ಎಂಬುದೊಂದು ಕೊರತೆ. ದಾಕ್ಷಿಣ್ಯವನ್ನು ಎಂದು ಬೇಕಾದರೂ ಹಿಂದೆಗೆಯಬಹುದಷ್ಟೆ. ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ನಮಗೆ, ನೀಡುವ ಕೈ ಕ್ಷಣ ತಡೆದರೂ ಪಂಕ್ತಿಯಲ್ಲಿ ಕುಳಿತವನ ಮುಖ ಹೇಗಾಗುತ್ತದೆಂಬುದು ಗೊತ್ತು.

ಇನ್ನು ಒಂದು ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ‘ನಮ್ಮೂರ ಭೂಹೀನನಿಗೆ ಇಲ್ಲದ ನೆಲ ಹೊರಗಿನವರಿಗೇಕೆ?’ ಎಂದು ಬಡ ರೈತ ಕೇಳಿದರೆ ಅದು ದ್ವೇಷವಲ್ಲ, ಹೊಟ್ಟೆಯ ಸಂಕಟ. ಆದರೆ ಅದಕ್ಕೆ ಉತ್ತರ ಹೇಳಬೇಕಾದವರು ಭೂಮಿಯನ್ನು ಹಂಚುವ ಅಧಿಕಾರವುಳ್ಳವರು. ಹತ್ತಾರು ಎಕರೆ ಇಟ್ಟುಕೊಂಡ ನಮ್ಮಂಥವರೂ ಸ್ವಲ್ಪ ಹೇಳಬೇಕಾದೀತು. ಗೇಣಿಭೂಮಿಯವನನ್ನು ಎಬ್ಬಿಸಿದ ಮಾತ್ರಕ್ಕೆ ಆ ಬಡವನಿಗೆ ನೆಲ ಬರುವುದಿಲ್ಲ. ಇಂದು ಆ ವಸತಿಗಳ ಹೊಲ, ಅಂಗಡಿಗಳಲ್ಲಿ ಸುತ್ತಲಿನ ಹಳ್ಳಿಯವರೂ ದುಡಿಯುತ್ತಾರೆ. ಅಲ್ಲಿ ಹುಟ್ಟಿ ಬೆಳೆದು ಕನ್ನಡ ಕಲಿತ ಟಿಬೆಟ್ಟಿನ ಯುವಕರಲ್ಲಿ ಹಲವರು ಈಗ ಪರದೇಶಗಳಿಗೆ ಹೊರಟಿದ್ದಾರೆ. ಹೊಲಗಳಲ್ಲಿ ಉಳಿದವರು ಬಹುಮಟ್ಟಿಗೆ ವೃದ್ಧರು.