ಲೇಖನಿಯೂ ಒಂದು ಅಮಾನತು



ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾಗಿದೆ (2:282). ಬರೆಯುವವನು ನ್ಯಾಯದಿಂದ ಬರೆಯಬೇಕು, ಹೊಣೆ ಹೊತ್ತವನು ಏನನ್ನೂ ಕಡಿತಗೊಳಿಸದೆ ಬರೆಸಬೇಕು, ಮೊತ್ತ ಚಿಕ್ಕದೆಂದು ಬೇಸರಿಸಬಾರದು ಎಂಬುದು ಅಲ್ಲಾಹನ ಆದೇಶ.

ಸರಕಾರದ ಗುತ್ತಿಗೆ ಪಡೆಯುವವರಿಗೂ ಇದರಲ್ಲಿ ಪಾಠವಿದೆ. ರಾಜ್ಯದ ಕರಾರು ರಾಜ್ಯಪಾಲರ ಹೆಸರಿನಲ್ಲೇ ಇರಬೇಕೆನ್ನುತ್ತದೆ ಸಂವಿಧಾನದ 299ನೇ ವಿಧಿ. ಸಹಿಗೆ ಮುನ್ನ ಅದನ್ನೂ ಅಳತೆ, ದರ, ಅವಧಿಗಳನ್ನೂ ಓದಿ ನೋಡಿರಿ. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ತಾಳೆ ಹಾಕಿರಿ. ತಪ್ಪಾದರೆ ಉಜ್ಜಿ ಅಳಿಸದೆ, ಗೆರೆ ಎಳೆದು ಸರಿಯಾದುದನ್ನು ಬರೆದು ಇಬ್ಬರೂ ಸಹಿ ಹಾಕಿರಿ. ಸಹಿಯ ನಂತರ ಕಂಡರೆ ಲಿಖಿತವಾಗಿ ತಿಳಿಸಿ ತಿದ್ದುಪಡಿ ಮಾಡಿಸಿರಿ. ಇಬ್ಬರೂ ತಪ್ಪಿದ್ದರೆ ನ್ಯಾಯಾಲಯವೂ ಕರಾರನ್ನು ತಿದ್ದಬಲ್ಲದು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 26ನೇ ಕಲಮು ಅದಕ್ಕಾಗಿಯೇ ಇದೆ.

ಆದರೆ ತಪ್ಪಿನಿಂದ ನಮಗೇ ಲಾಭವಿದ್ದರೆ? ಹತ್ತು ಸಾವಿರಕ್ಕೆ ಸೊನ್ನೆಯೊಂದು ಸೇರಿ ಲಕ್ಷವಾಗಿದೆ, ಗುಮಾಸ್ತ ಗಮನಿಸಿಲ್ಲ. ಪರೀಕ್ಷೆ ಇರುವುದು ಇಲ್ಲಿಯೇ. ಆ ಹಣ ಯಾವ ಸಾಹೇಬರದೂ ಅಲ್ಲ. ಸೋಪು ಕೊಂಡ ಬಡವಿಯ ತೆರಿಗೆಯೂ ಅದರಲ್ಲಿದೆ. ಒಬ್ಬನಿಗೆ ಅನ್ಯಾಯ ಮಾಡಿದರೆ ಅವನಲ್ಲಿ ಕ್ಷಮೆ ಕೇಳಬಹುದು. ಇಡೀ ನಾಡಿನ ಮನೆ ಮನೆಗೆ ಹೋಗಿ ಕ್ಷಮೆ ಕೇಳುವುದೆಂತು?

ಬಿಲ್ಲು ಕೊಡುವ ಮೊದಲೇ ಆ ಸೊನ್ನೆಯನ್ನು ನಾವೇ ತೋರಿಸೋಣ. ಅಲ್ಲಾಹನು ಅನುಗ್ರಹಿಸಲಿ. ಆಮೀನ್.