ನೋಡುವವನ ಕೈಗೆ ಕಥೆ

ಜನಪ್ರಿಯವಾದ ಚಲನಚಿತ್ರವೊಂದು ತೆರೆಕಂಡು, ಅದರ ಬೆನ್ನಿಗೇ ಎರಡನೆಯದು, ಮೂರನೆಯದು ಎಂದು ಮಾಲಿಕೆಯಾಗಿ ಬೆಳೆದು, ಕಥಾನಾಯಕನ ಮುಖವು ಮಕ್ಕಳ ಪಾಟಿಚೀಲಗಳ ಮೇಲೆಲ್ಲ ಅಚ್ಚಾದ ಬಳಿಕ, ವ್ಯಾಪಾರಿಯು ನೋಟಕನ ಬಳಿಗೆ ಬಂದು ಮತ್ತೊಂದು ಆಮಿಷವನ್ನು ಮುಂದಿಡುತ್ತಾನೆ: ಇಷ್ಟು ದಿನ ನೀನು ಅವನನ್ನು ನೋಡಿದೆ, ಇನ್ನು ನೀನೇ ಅವನಾಗು. ಹೀಗೆ ಚಿತ್ರವನ್ನು ವಿಡಿಯೋ ಗೇಮಾಗಿಸಿ ಮಾರುವುದು ಹಾಲಿವುಡ್ಡಿನಲ್ಲಿ ಹಳೆಯ ಸಂಪ್ರದಾಯ. ನಮ್ಮ ದೇಶದಲ್ಲಿಯೂ, ವಿಡಿಯೋ ಗೇಮಿನೊಳಗಿನ ಖಳನು ಹೊರಬಂದು ಕಾಡುವ ಕಥೆಯುಳ್ಳ 2011ರ ‘ರಾ.ಒನ್’ ಚಿತ್ರಕ್ಕೆ ಒಂದು ವಿಡಿಯೋ ಗೇಮ್ ಹುಟ್ಟಿಕೊಂಡಿತು. ಆದರೆ ಹೀಗೆ ಚಿತ್ರದಿಂದ ಹುಟ್ಟಿದ ಆಟಗಳಲ್ಲಿ ಹೆಚ್ಚಿನವು ನಿಂದೆಗೇ ಗುರಿಯಾಗಿವೆಯೆಂಬುದನ್ನು ಆಡುವವರೆಲ್ಲರೂ ಒಪ್ಪುತ್ತಾರೆ. ಕಥೆ ಮೊದಲೇ ಗೆದ್ದಿರುವಂಥದು, ಕಟ್ಟುವವರು ಕುಶಲಿಗಳು, ಕೊಳ್ಳುವವನು ಆ ಕಥೆಯ ಭಕ್ತ. ಮೂರೂ ಅನುಕೂಲವಾಗಿರುವಾಗ ಫಲವೇಕೆ ಕೆಡಬೇಕು?

ಇದಕ್ಕೆ ಸಿದ್ಧವಾಗಿರುವ ಉತ್ತರ, ಅವಸರ ಮತ್ತು ಲೋಭ. 1982ರ ಬೇಸಗೆಯಲ್ಲಿ ಸ್ಟೀವನ್ ಸ್ಪೀಲ್‌ಬರ್ಗರ ‘ಇ.ಟಿ.’ ಚಿತ್ರವು ಲೋಕವನ್ನೆಲ್ಲ ಅಳಿಸಿ ನಗಿಸಿದಾಗ, ಅದರ ಆಟವನ್ನು ಕ್ರಿಸ್‌ಮಸ್ಸಿನ ವ್ಯಾಪಾರಕ್ಕೆ ಒದಗಿಸಿಯೇ ತೀರಬೇಕೆಂದು ಹಠತೊಟ್ಟ ಅಟಾರಿ ಸಂಸ್ಥೆಯು ಹೋವರ್ಡ್ ಸ್ಕಾಟ್ ವಾರ್ಶಾ ಎಂಬ ತರುಣನಿಗೆ ಕೊಟ್ಟ ಅವಧಿ ಸುಮಾರು ಐದು ವಾರ. ಹಾಗೆ ಹುಟ್ಟಿದ ಆಟದಲ್ಲಿ ಆ ಮುದ್ದು ಜೀವಿಯು ಹೆಜ್ಜೆಹೆಜ್ಜೆಗೂ ಗುಂಡಿಗೆ ಬೀಳುತ್ತ, ಏಳುತ್ತ, ಮತ್ತೆ ಬೀಳುತ್ತ ಮಕ್ಕಳ ತಾಳ್ಮೆಯನ್ನು ಪರೀಕ್ಷಿಸಿತು. ಉಳಿದುಹೋದ ಪ್ರತಿಗಳನ್ನು ಬೇರೆ ಸರಕಿನೊಡನೆ 1983ರಲ್ಲಿ ನ್ಯೂ ಮೆಕ್ಸಿಕೊ ಪ್ರಾಂತದ ಅಲಮೊಗೋರ್ಡೊ ಊರಿನ ಕಸದ ಹೊಂಡದಲ್ಲಿ ಹೂತದ್ದೂ, 2014ರಲ್ಲಿ ಅಗೆಸಿ ನೋಡಿದಾಗ ಅವು ಅಲ್ಲಿಯೇ ಸಿಕ್ಕಿದ್ದೂ ಪ್ರಸಿದ್ಧವಾದ ವೃತ್ತಾಂತ. (ವಾರ್ಶಾ ಮುಂದೆ ಮನಶ್ಚಿಕಿತ್ಸಕರಾದರು, ಆ ಐದು ವಾರಗಳಿಗೂ ಇದಕ್ಕೂ ಸಂಬಂಧ ಕಲ್ಪಿಸುವ ಧೈರ್ಯ ನನಗಿಲ್ಲ.)

ಆದರೆ ಅವಸರವೊಂದೇ ದೋಷವಾಗಿದ್ದ ಪಕ್ಷದಲ್ಲಿ, ವರ್ಷಗಟ್ಟಲೆ ಕುಳಿತು ಕಟ್ಟಿದ ಆಟವಾದರೂ ಚೆನ್ನಾಗಿರಬೇಕಾಗಿತ್ತು. ಜೇಮ್ಸ್ ಕ್ಯಾಮರಾನ್ 1986ರಲ್ಲಿ ನಿರ್ದೇಶಿಸಿದ ‘ಏಲಿಯನ್ಸ್’ ಚಿತ್ರದ ಕಥೆಯನ್ನು ಮುಂದುವರಿಸುವ ‘ಏಲಿಯನ್ಸ್: ಕಲೋನಿಯಲ್ ಮರೀನ್ಸ್’ ಎಂಬ ಆಟವು ಹಲವು ವರ್ಷಗಳ ದುಡಿಮೆಯ ತರುವಾಯ 2013ರ ಫೆಬ್ರವರಿಯಲ್ಲಿ ಹೊರಬಂದು, ವಿಮರ್ಶಕರಿಂದ ಉಗಿಸಿಕೊಂಡಿತು, ಮೊದಲು ತೋರಿಸಿದ ಮಾದರಿಗೂ ಕೊಟ್ಟ ಸರಕಿಗೂ ತಾಳೆಯಿಲ್ಲವೆಂದು ಅಮೆರಿಕದ ನ್ಯಾಯಾಲಯದಲ್ಲಿ ದಾವೆಯೂ ಬಿತ್ತು.

ಈ ಆಟವನ್ನು ನಾನು ಕಂಡದ್ದು, ಆಡಿದ್ದು, ಜಗಳೂರು ಸೀಮೆಯ ಬಿಳಿಚೋಡಿನಲ್ಲಿ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗ ದೀಪಾವಳಿಗೆಂದು ಊರಿಗೆ ಬಂದಿದ್ದವನು, ಅಂಗಳದಲ್ಲಿ ಮೆಕ್ಕೆಜೋಳದ ರಾಶಿ ತಾಡಪಾಲಿನಡಿ ಮಲಗಿರಲು, ಪಡಸಾಲೆಯ ಕಂಬಕ್ಕೆ ಒರಗಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಇದನ್ನು ಆಡುತ್ತಿದ್ದ. ಚಿತ್ರದಲ್ಲಿ ಮಾಳಿಗೆಯ ಸಂದಿನಿಂದಲೂ ಗೋಡೆಯ ಮರೆಯಿಂದಲೂ ಇಳಿದು ಸೈನಿಕರನ್ನು ನಡುಗಿಸಿದ ಆ ಕರಿಯ ಘೋರಜೀವಿಗಳು ಇಲ್ಲಿ ಪಡಸಾಲೆಯಂಥ ನೇರ ದಾರಿಯಲ್ಲಿ ಎರಡು ಕಾಲ ಮೇಲೆ ಓಡಿಬಂದು ಕೋವಿಯ ಮುಂದೆ ನಿಲ್ಲುತ್ತಿದ್ದವು. “ಇವಕ್ಕೆ ಬುದ್ಧಿನೇ ಇಲ್ಲ ನೋಡ್ರಿ ಮಾವ, ಕುರಿ ಬಂದಂಗೆ ಬರ್ತಾವೆ” ಎಂದು ನಕ್ಕು, ಅವನು ಅದರ ರಹಸ್ಯವನ್ನೂ ತೋರಿಸಿದ. ಆ ಜೀವಿಗಳ ನಡೆಯನ್ನು ನಿಯಮಿಸುವ ಕಡತದ ಒಂದು ಸಾಲಿನಲ್ಲಿ, ಇಂಗ್ಲಿಷ್ ಶಬ್ದವೊಂದರೊಳಗೆ ‘ಎ’ ಎಂಬ ಅಕ್ಷರ ಹೆಚ್ಚಾಗಿ ನುಸುಳಿಕೊಂಡಿದೆ; ಅದನ್ನು ಯಾರೋ ಹವ್ಯಾಸಿ ಪತ್ತೆಮಾಡುವಷ್ಟರಲ್ಲಿ ವರ್ಷಗಳೇ ಉರುಳಿದ್ದವು. ಆ ಅಕ್ಷರವನ್ನು ಅಳಿಸಿದರೆ ಜೀವಿಗಳಿಗೆ ಸುತ್ತುವರಿಯುವ ಜಾಣ್ಮೆ ಬರುತ್ತದೆ!

ಕೇಳಿದೊಡನೆ ಸಮಸ್ಯೆ ಬಗೆಹರಿದಂತೆ ತೋರುವುದು ಸಹಜ. ಆದರೆ ಅಕ್ಷರಕ್ಕಿಂತ ಆಳದ ತಪ್ಪೊಂದು ಅಲ್ಲಿದೆಯೆಂಬುದು ನನ್ನ ವಾದ. ಕ್ಯಾಮರಾನರ ಚಿತ್ರದ ತಿರುಳಾದರೂ ಏನು? ಲೋಕದ ಆಯುಧಗಳನ್ನೆಲ್ಲ ಹೊತ್ತು ಬಂದ ಸೈನಿಕರು, ಆ ಆಯುಧಗಳಿಂದ ಏನೂ ಆಗದೆಂಬುದನ್ನು ಒಬ್ಬೊಬ್ಬರಾಗಿ ಅರಿಯುತ್ತ ಅಳಿಯುವುದು. ಚಲನೆಯನ್ನು ಗುರುತಿಸುವ ಕೈಯಂತ್ರವೊಂದು ಟಿಕ್ ಟಿಕ್ ಎಂದು ಹತ್ತಿರವಾಗುತ್ತಿರುವ ಅಪಾಯವನ್ನು ಹೇಳುತ್ತದೆ, ಅಪಾಯವು ಮಾತ್ರ ಕಾಣಿಸುವುದಿಲ್ಲ. ಅಲ್ಲಿಯ ಭಯವೆಲ್ಲ ಆ ಅಂತರದಲ್ಲಿದೆ. ಆಟದಲ್ಲಿಯೂ ಆ ಯಂತ್ರವಿದೆ. ಆದರೆ ಗುಂಡು ಹಾರಿಸುವುದೇ ಆಟವಾಗಿರುವಲ್ಲಿ ಕೋವಿಯು ಕೆಲಸಮಾಡಲೇಬೇಕಷ್ಟೆ; ಚಿತ್ರವು ಯಾವುದನ್ನು ವ್ಯರ್ಥವೆಂದು ತೋರಿಸಿತೋ ಅದನ್ನೇ ಆಟವು ಸಾರ್ಥಕವೆಂದು ಸಾಧಿಸಬೇಕಾಯಿತು.

ಸಂಸ್ಕೃತ ಕಾವ್ಯಮೀಮಾಂಸೆಯಲ್ಲಿ ಭಟ್ಟನಾಯಕನು ಪ್ರತಿಪಾದಿಸಿ ಅಭಿನವಗುಪ್ತನು ಬೆಳೆಸಿದ, ಭಾವವನ್ನು ಒಬ್ಬ ವ್ಯಕ್ತಿಯ ಹಂಗಿನಿಂದ ಬಿಡಿಸುವ ಸಾಧಾರಣೀಕರಣದ ತತ್ತ್ವ ಇಲ್ಲಿ ನೆನಪಾಗುತ್ತದೆ. ಶಾಕುಂತಲದ ಮೊದಲಂಕದಲ್ಲಿ ದುಷ್ಯಂತನ ಬಾಣಕ್ಕೆ ಹೆದರಿ, ಕೊರಳನ್ನು ಹಿಂದಕ್ಕೆ ಹೊರಳಿಸುತ್ತ ಓಡುವ ಜಿಂಕೆಯನ್ನೇ ಅಭಿನವಗುಪ್ತನು ಭಯಾನಕರಸಕ್ಕೆ ನಿದರ್ಶನವಾಗಿ ತೆಗೆದುಕೊಳ್ಳುತ್ತಾನೆ. ಆ ಭಯವು ನನ್ನದಲ್ಲ, ನನ್ನ ಶತ್ರುವಿನದಲ್ಲ, ಮಿತ್ರನದಲ್ಲ, ಈ ದೇಶಕಾಲಗಳದೂ ಅಲ್ಲ; ಯಾರದೂ ಅಲ್ಲದ್ದರಿಂದಲೇ ಅದು ಆಸ್ವಾದ್ಯವಾಗುತ್ತದೆ. ಸಹೃದಯನು ಕೈಕಟ್ಟಿ ಕುಳಿತಿರುವುದು ಅವನ ಕೊರತೆಯಲ್ಲ, ಅರ್ಹತೆ. ಚಿತ್ರಮಂದಿರದ ನೋಟಕನೂ ಜಿಂಕೆಯ ಕಡೆಗಿದ್ದವನೇ. ಆಟವನ್ನು ಮಾರುವವನು ಅವನನ್ನು ಎಬ್ಬಿಸಿ, ಉಡುಗೊರೆಯೆಂಬಂತೆ ದುಷ್ಯಂತನ ಬಿಲ್ಲನ್ನು ಕೈಗೆ ಕೊಟ್ಟ. ಗುರಿ ತಪ್ಪಿತೆ, ಬಾಣ ಮುಗಿಯಿತೆ ಎಂಬ ಚಿಂತೆ ಹೊಕ್ಕ ಮನಸ್ಸಿನಲ್ಲಿ ಕೊರಳ ಹೊರಳನ್ನು ಕಾಣುವ ವ್ಯವಧಾನವೆಲ್ಲಿಯದು?

ಕ್ರಿಯೆಯು ರಸಕ್ಕೆ ವಿರೋಧಿಯೆಂದು ಇಷ್ಟರಿಂದ ನಿರ್ಣಯಿಸಿದರೆ ನಮ್ಮ ಸೀಮೆಯ ದೊಡ್ಡಾಟವೇ ಎದುರುನಿಂತೀತು. ಹಗಲು ಹೊಲದಲ್ಲಿ ದುಡಿದ ರೈತನು ರಾತ್ರಿ ಕಿರೀಟ ಭುಜಕೀರ್ತಿಗಳ ಭಾರವನ್ನು ಹೊತ್ತು ಅಟ್ಟದ ಮೇಲೆ ದುರ್ಯೋಧನನಾಗಿ ಅಬ್ಬರಿಸುತ್ತಾನೆ. ಸಾರಥಿಯು ಕೇಳಿದ ಪ್ರಶ್ನೆಗೆಲ್ಲ ತನ್ನ ಪ್ರತಾಪವನ್ನು ಹೇಳಿಕೊಳ್ಳುತ್ತಾನೆ. ಬೆಳಕು ಹರಿಯುವ ವೇಳೆಗೆ ತನ್ನ ತೊಡೆ ಮುರಿಯಲಿದೆಯೆಂಬುದು ಅವನಿಗೂ ಗೊತ್ತು, ಚಾಪೆ ಹಾಸಿ ಕುಳಿತ ಮುದುಕಿಗೂ ಗೊತ್ತು. ಅವನು ಕ್ರಿಯಾಶೀಲನೇ ಹೌದು, ಆದರೆ ಫಲವನ್ನು ಬದಲಿಸುವ ಆಸೆಯುಳ್ಳವನಲ್ಲ. ಕಟ್ಟುಬಿದ್ದ ಕಥೆಯನ್ನು ಹೇಗೆ ಧರಿಸಬೇಕೆಂಬುದೊಂದೇ ಅವನ ಸ್ವಾತಂತ್ರ್ಯ, ಅವನ ಕಲೆಯೆಲ್ಲ ಅಲ್ಲಿಯೇ. ಹೀಗೆ ನೋಟಕ, ನಟ, ಆಟಗಾರ ಎಂಬ ಮೂವರನ್ನು ಬೇರೆಬೇರೆಯಾಗಿ ಕಾಣದೆ ಈ ವಿಷಯ ತಿಳಿಯದು. ಚಿತ್ರದಿಂದ ಹುಟ್ಟಿದ ಕೆಟ್ಟ ಆಟವು ಆಟಗಾರನಿಗೆ ಸ್ವಾತಂತ್ರ್ಯದ ಮಾತು ಕೊಟ್ಟು, ನಟನ ಕಟ್ಟುಪಾಡನ್ನು ಹೇರುತ್ತದೆ. ಈ ಬಾಗಿಲಲ್ಲದೆ ಬೇರೆ ಬಾಗಿಲು ತೆರೆಯದು, ಈ ಶತ್ರು ಸಾಯದೆ ಮುಂದಿನ ದೃಶ್ಯವಿಲ್ಲ. ನಟನ ಬಂಧನ ಉಂಟು, ಅಭಿನಯವಿಲ್ಲ. ಕರ್ತೃವಿನ ಹೊಣೆ ಉಂಟು, ಆಯ್ಕೆಯಿಲ್ಲ.

ಗೆದ್ದ ಆಟಗಳೂ ಇವೆಯಲ್ಲ ಎಂದು ಆಕ್ಷೇಪಿಸಬಹುದು. 1995ರ ಜೇಮ್ಸ್ ಬಾಂಡ್ ಚಿತ್ರದಿಂದ 1997ರಲ್ಲಿ ಹುಟ್ಟಿದ ‘ಗೋಲ್ಡನ್‌ಐ 007’ ಇಂದಿಗೂ ಹೊಗಳಿಸಿಕೊಳ್ಳುತ್ತಿದೆ. ಆದರೆ ಬಾಂಡನ ಕಥೆಯಲ್ಲಿ ನಮ್ಮನ್ನು ರಂಜಿಸುವುದೇ ಅವನ ಕೈಚಳಕವಾದ್ದರಿಂದ, ಆ ಕೈಚಳಕವನ್ನು ನಮಗೆ ಸಾಲಕೊಟ್ಟರೆ ನಷ್ಟವೇನಿಲ್ಲ. ಅದಕ್ಕಿಂತ ಬಲವಾದ ಸಾಕ್ಷ್ಯ ಅದೇ ಏಲಿಯನ್ ಮನೆತನದಿಂದ 2014ರಲ್ಲಿ ಬಂದ ‘ಏಲಿಯನ್: ಐಸೊಲೇಷನ್’. ರಿಡ್ಲಿ ಸ್ಕಾಟರ 1979ರ ಮೊದಲ ಚಿತ್ರವನ್ನು ಮಾದರಿಯಾಗಿಟ್ಟುಕೊಂಡ ಈ ಆಟದಲ್ಲಿ ಆಟಗಾರನು ಚಿತ್ರದ ನಾಯಿಕೆಯಾದ ರಿಪ್ಲಿಯಲ್ಲ, ಅವಳ ಮಗಳು. ಬೆನ್ನಟ್ಟುವ ಘೋರಜೀವಿಯನ್ನು ಯಾವ ಆಯುಧದಿಂದಲೂ ಕೊಲ್ಲಲಾಗದು. ಬೀರುವಿನೊಳಗೆ ಹೊಕ್ಕು ಉಸಿರು ಬಿಗಿಹಿಡಿಯಬೇಕು, ಮೇಜಿನಡಿ ಕೂತು ಅದರ ಕಾಲುಗಳು ಸಾಗಿಹೋಗುವುದನ್ನು ನೋಡಬೇಕು. ಆಟಗಾರನ ಕೈಯಿಂದ ಬಿಲ್ಲನ್ನು ಕಿತ್ತುಕೊಂಡು ಅವನನ್ನು ಮತ್ತೆ ಜಿಂಕೆಯ ಪಕ್ಕಕ್ಕೆ ಕಳುಹಿಸಿದ ಉಪಾಯವಿದು; ವಿಮರ್ಶಕರು ಬಹುಮಟ್ಟಿಗೆ ಕೊಂಡಾಡಿದರು.

ಹಾಗಾದರೆ ಲೋಕವೇ ತಳ್ಳಿಹಾಕಿದ್ದನ್ನು ಕುಳಿತು ಆಡುವುದೇಕೆ? ಲೋಕನಿಂದೆಯು ಶಬ್ದಪ್ರಮಾಣವಾಗಲಾರದು, ನಾವೇ ನೋಡಿ ತಿಳಿಯಬೇಕು ಎಂಬ ಹಳೆಯ ಸಮಾಧಾನವೊಂದಿದೆ. ನನಗೆ ಅದು ಸಾಲದು. ಗೆದ್ದ ಕೃತಿಯು ತನ್ನ ಜೋಡಣೆಯನ್ನು ಮರೆಮಾಚಿಕೊಂಡಿರುತ್ತದೆ. ಸೋತ ಕೃತಿಯಲ್ಲಿ ಹೊಲಿಗೆಯೆಲ್ಲ ಬಯಲಾಗಿರುವುದರಿಂದ, ನಾವು ಮೂಲದಲ್ಲಿ ಮೆಚ್ಚಿದ್ದು ಯಾವುದನ್ನು ಎಂಬುದು ಅದರ ಅಭಾವದಿಂದಲೇ ಗೊತ್ತಾಗುತ್ತದೆ. ಆ ಟಿಕ್ ಟಿಕ್ ಶಬ್ದ ನನ್ನನ್ನು ಹೆದರಿಸಿದ್ದು ಏಕೆಂಬುದು ನನಗೆ ತಿಳಿದದ್ದು, ಅದು ಹೆದರಿಸದೆ ಹೋದ ಈ ಆಟದಲ್ಲಿ.

ಮರುದಿನ ನನ್ನ ಸೋದರಳಿಯ ಆ ಕಡತವನ್ನು ತೆರೆದು, ಹೆಚ್ಚಿನ ಅಕ್ಷರವನ್ನು ಅಳಿಸಿ, ಮತ್ತೆ ಆಡಿಸಿದ. ಜೀವಿಗಳು ಈಗ ಮಗ್ಗುಲಿಂದಲೂ ಬಂದವು. ಅವನು ಎರಡು ಬಾರಿ ಸತ್ತ, ಮೂರನೆಯ ಸಾರಿ ದಾಟಿದ. “ಈಗ ಪರವಾಗಿಲ್ಲ ಮಾವ” ಎಂದ. ಕೊನೆಗೆ ಗೆಲ್ಲುವವರು ಯಾರೆಂದು ಕೇಳಿದೆ. “ನಾವೇ ಅಲ್ಲೇನ್ರಿ!” ಎಂದು, ಅದೂ ಒಂದು ಪ್ರಶ್ನೆಯೇ ಎಂಬಂತೆ ನನ್ನ ಮುಖ ನೋಡಿದ.